ಕ್ಯಾಮೆರಾ ಕೆಟ್ಟಿದೆ ಅನ್ನುವ ಮುಂಚೆ ವಯರ್ ನೋಡಿ

ದೂರದರ್ಶಕದ ಹಿಂದೆ ಸಿಕ್ಕಿಸುವ ಕ್ಯಾಮೆರಾ, ಮದುವೆ ಮನೆಯಲ್ಲಿ ಫೋಟೋದವರು ಕೊರಳಿಗೆ ಹಾಕಿಕೊಂಡು ಓಡಾಡುವ ಕ್ಯಾಮೆರಾದ ಹಾಗಲ್ಲ. ಅದರಲ್ಲಿ ಬ್ಯಾಟರಿ ಇಲ್ಲ, ಮೆಮೊರಿ ಕಾರ್ಡ್ ಇಲ್ಲ, ಪರದೆ ಇಲ್ಲ, ಒತ್ತಲು ಒಂದು ಗುಂಡಿಯೂ ಇಲ್ಲ. ಅಂಗೈಯಲ್ಲಿ ಹಿಡಿಸುವ ಲೋಹದ ಡಬ್ಬಿ. ಮುಂದೆ ಗಾಜು, ಹಿಂದೆ ಒಂದು ಯುಎಸ್‌ಬಿ ತೂತು. ಆ ತೂತಿಗೆ ಹಾಕಿದ ಒಂದೇ ವಯರಿನಲ್ಲಿ ಕರೆಂಟು ಒಳಗೆ ಹೋಗಬೇಕು, ಚಿತ್ರ ಹೊರಗೆ ಬರಬೇಕು, ಲ್ಯಾಪ್‌ಟಾಪ್ ಹೇಳುವ ಮಾತೆಲ್ಲ ಅದರಲ್ಲೇ ಹೋಗಬೇಕು. ವಯರ್ ಕೈಕೊಟ್ಟರೆ ಎಲ್ಲ ಕೈಕೊಟ್ಟ ಹಾಗೆ. ಆದರೆ ಪರದೆಯ ಮೇಲೆ ಬರುವ ಸಂದೇಶ ಮಾತ್ರ ಯಾವಾಗಲೂ ಒಂದೇ: ಕ್ಯಾಮೆರಾ ಡಿಸ್ಕನೆಕ್ಟ್ ಆಗಿದೆ. ಓದಿದವರು ಕ್ಯಾಮೆರಾವನ್ನೇ ಬೈಯುತ್ತಾರೆ.

ನಮ್ಮ ಹತ್ತಿರ ಇಂಥದ್ದೊಂದು ಇದೆ. ಐದು ಜನ ಸೇರಿ ಕೊಂಡದ್ದು, ಅದೂ ಸೆಕೆಂಡ್ ಹ್ಯಾಂಡ್. ಒಬ್ಬಳು ಪತ್ರಿಕೆಗೆ ಸುದ್ದಿ ಕಳಿಸಿ ಮೂರು ತಿಂಗಳಲ್ಲಿ ಸಂಪಾದಿಸಿದ್ದನ್ನು ಕೊಟ್ಟಳು, ಒಬ್ಬ ಟಗರು ಮಾರಿದ ದುಡ್ಡು ಹಾಕಿದ, ಉಳಿದವರು ಅಲ್ಲಿ ಇಲ್ಲಿ ಹೊಂದಿಸಿದೆವು. ಮಾರಿದವರು ಬೆಂಗಳೂರಿನವರು. "ಹತ್ತು ದಿನ ಇಟ್ಕೊಂಡು ನೋಡಿ. ಸರಿಬರದಿದ್ರೆ ವಾಪಸ್ ಕಳಿಸಿ, ಪೂರ್ತಿ ದುಡ್ಡು ಕೊಡ್ತೀನಿ. ಹನ್ನೊಂದನೇ ದಿನ ಮಾತ್ರ ಕೇಳಬೇಡಿ" ಅಂದಿದ್ದರು. ನ್ಯಾಯವಾದ ಮಾತೇ.

ಅದು 2025ರ ಜನವರಿ, ಚಳ್ಳಕೆರೆ ಕಡೆಯ ನಮ್ಮ ತೋಟದ ಮನೆ. ನಮ್ಮ ಸೀಮೆಗೆ ಮಳೆ ಕಡಿಮೆ ಅಂತ ಎಲ್ಲರೂ ಮರುಗುತ್ತಾರೆ. ಆದರೆ ನಕ್ಷತ್ರ ನೋಡುವವರಿಗೆ ಅದೇ ವರ. ಚಳಿಗಾಲದಲ್ಲಿ ವಾರಗಟ್ಟಲೆ ಮೋಡ ಇರುವುದಿಲ್ಲ. ಆ ತಿಂಗಳು ಗುರುಗ್ರಹ ರೋಹಿಣಿ ನಕ್ಷತ್ರದ ಪಕ್ಕದಲ್ಲೇ ಇತ್ತು, ಸಂಜೆ ಏಳೆಂಟು ಗಂಟೆಗೆಲ್ಲ ನೆತ್ತಿಯ ಹತ್ತಿರ. ಊರಿನ ಹೈಸ್ಕೂಲ್ ಮೇಷ್ಟ್ರಿಗೆ ನಾವು ಮಾತು ಕೊಟ್ಟಾಗಿತ್ತು: ತಿಂಗಳ ಕೊನೇ ಶನಿವಾರ, 25ನೇ ತಾರೀಕು, ಮಕ್ಕಳಿಗೆ ಗುರುವನ್ನೂ ಅದರ ನಾಲ್ಕು ಚಂದ್ರರನ್ನೂ ದೊಡ್ಡ ಪರದೆ ಮೇಲೆ ತೋರಿಸುತ್ತೇವೆ. 80 ಮಕ್ಕಳು ಒಬ್ಬೊಬ್ಬರಾಗಿ ದೂರದರ್ಶಕಕ್ಕೆ ಕಣ್ಣಿಟ್ಟು ನೋಡುತ್ತಾ ಕೂತರೆ ರಾತ್ರಿ ಮುಗಿದರೂ ಸಾಲು ಮುಗಿಯುವುದಿಲ್ಲ. ಕ್ಯಾಮೆರಾ ಬೇಕಾದದ್ದು ಅದಕ್ಕೆ.

ಮೊದಲ ರಾತ್ರಿ ಕ್ಯಾಮೆರಾ ಚೆನ್ನಾಗಿಯೇ ಶುರುವಾಯಿತು. ಗುರು ಬಂತು, ಪಟ್ಟೆಗಳೂ ಕಂಡವು. ಹತ್ತು ನಿಮಿಷ ಆಗಿರಬಹುದು, ಲ್ಯಾಪ್‌ಟಾಪ್ "ಟುಂಡುಂ" ಅಂತ ಇಳಿದನಿಯಲ್ಲಿ ಒಂದು ಶಬ್ದ ಮಾಡಿತು. ಚಿತ್ರ ನಿಂತುಹೋಯಿತು. ಎರಡು ಸೆಕೆಂಡ್ ಬಿಟ್ಟು "ಡುಂಟುಂ", ಕ್ಯಾಮೆರಾ ಮತ್ತೆ ಬಂತು. ಮತ್ತೆ ಹೋಯಿತು. ವಿಂಡೋಸ್ ಲ್ಯಾಪ್‌ಟಾಪ್ ಇರುವವರಿಗೆ ಈ ಶಬ್ದ ಗೊತ್ತು, ಪೆನ್‌ಡ್ರೈವ್ ಹಾಕಿದಾಗ ತೆಗೆದಾಗ ಬರುತ್ತದಲ್ಲ, ಅದೇ. ಯಾರೂ ಮುಟ್ಟದೆ ಆ ಶಬ್ದ ಬಂದರೆ ಯಾವುದೋ ಯುಎಸ್‌ಬಿ ಸಾಮಾನು ಸತ್ತು ಹುಟ್ಟುತ್ತಿದೆ ಎಂದರ್ಥ. ಎರಡನೇ ರಾತ್ರಿಯೂ ಇದೇ ಕಥೆ.

ಪಟ್ಟಣದ ಕಂಪ್ಯೂಟರ್ ಅಂಗಡಿಯೊಂದಕ್ಕೆ ಒಯ್ದೆವು. ತಿರುಗಿಸಿ ನೋಡಿ, "ಬೋರ್ಡ್ ಹೋಗಿದೆ, ಇದರ ಪಾರ್ಟ್ಸ್ ಇಲ್ಲೆಲ್ಲೂ ಸಿಗಲ್ಲ" ಅಂದರು. ಮೂರು ದಿನ ಮುಗಿಯಿತು. ನಮ್ಮಲ್ಲೇ ಎರಡು ಪಕ್ಷ ಆಯಿತು: ಈಗಲೇ ವಾಪಸ್ ಕಳಿಸೋಣ ಅನ್ನುವವರು, ಇಷ್ಟು ಬೆಲೆಗೆ ಇನ್ನೊಂದು ಸಿಗುವುದಿಲ್ಲ ಅನ್ನುವವರು. ಟಗರಿನ ದುಡ್ಡು ಹಾಕಿದವನು ಸುಮ್ಮನೆ ಕೂತಿದ್ದ. ಅವನ ಮನೆಯಲ್ಲಿ ಆ ದುಡ್ಡು ಏನಾಯಿತು ಅಂತ ಇನ್ನೂ ಹೇಳಿರಲಿಲ್ಲ.

ಇಲ್ಲಿ ನಮ್ಮನ್ನು ಕಾಪಾಡಿದ್ದು ಮೋಟರ್ ವೈಂಡಿಂಗ್ ಮಾಡುವ ಚಿಕ್ಕಪ್ಪ. ಸುತ್ತಲ ಹತ್ತು ಹಳ್ಳಿಯ ಸಬ್‌ಮರ್ಸಿಬಲ್ ಮೋಟರುಗಳು ಅವರ ಕೈಯಲ್ಲಿ ಒಮ್ಮೆಯಾದರೂ ಬಿಚ್ಚಿಸಿಕೊಂಡಿವೆ. ತೋಟಕ್ಕೆ ಬಂದವರು ನಮ್ಮ ಜಗಳ ಕೇಳಿಸಿಕೊಂಡು, "ಏನ್ರಪ್ಪ ಅದು, ಎಷ್ಟು ವೋಲ್ಟಿಂದು?" ಅಂದರು.

"ಐದು ವೋಲ್ಟು, ಚಿಕ್ಕಪ್ಪ."

"ವಯರ್ ಎಷ್ಟುದ್ದ ಐತೆ?"

"ಐದು ಮೀಟ್ರು. ಕ್ಯಾಮೆರಾದು ಎರಡು, ಎಕ್ಸ್‌ಟೆನ್ಷನ್ ಮೂರು. ಎರಡೂ ಕ್ಯಾಮೆರಾ ಜೊತೇಲೇ ಬಂದಿದ್ದು."

ಅವರು ವಯರನ್ನು ಬೆರಳಲ್ಲಿ ಹೊಸೆದು ನೋಡಿದರು. "ಮೋಟ್ರು ಓಡ್ಲಿಲ್ಲ ಅಂದ್ರೆ ನಾನು ಮೊದ್ಲು ಮೋಟ್ರು ಮೇಲೆತ್ತಿಸ್ತೀನಾ? ಆರ್ನೂರು ಅಡಿ ಪೈಪು ಎತ್ಬೇಕು ಅಂದ್ರೆ ಸುಮ್ನೆ ಆಯ್ತದಾ? ಮೊದ್ಲು ಸ್ಟಾರ್ಟರ್ ಹತ್ರ ಮೀಟ್ರಿಡ್ತೀನಿ. ಆಮೇಲೆ ವಯರು. ಮೋಟ್ರು ಕೊನೇಗೆ. ನೀವು ನೋಡಿದ್ರೆ ಮೊದ್ಲೇ ಮೋಟ್ರು ಎತ್ತಕ್ಕೆ ಹೊಂಟೀರಿ."

ಬೋರಿನ ವಿಷಯ ನಿಮಗೆ ಹೇಳಿಕೊಡಬೇಕಾಗಿಲ್ಲ. ಕಂಬದಿಂದ ದೂರದ ಹೊಲಕ್ಕೆ ತೆಳು ವಯರ್ ಎಳೆದರೆ ಮೋಟರ್ ಗೊಣಗುತ್ತದೆ, ನೀರು ಎತ್ತುವುದಿಲ್ಲ, ಬಿಸಿಯಾಗಿ ಸುಟ್ಟೂ ಹೋಗುತ್ತದೆ. ಕಂಬದ ಹತ್ತಿರ ವೋಲ್ಟೇಜ್ ಸರಿಯಾಗೇ ಇರುತ್ತದೆ. ದಾರಿಯಲ್ಲಿ ವಯರ್ ತಿಂದುಹಾಕಿರುತ್ತದೆ. ಯುಎಸ್‌ಬಿಯಲ್ಲೂ ನಡೆಯುವುದು ಅದೇ. ವ್ಯತ್ಯಾಸ ಏನೆಂದರೆ, 230 ವೋಲ್ಟಿನಲ್ಲಿ ಒಂದು ವೋಲ್ಟ್ ಹೋದರೆ ಯಾರಿಗೂ ಗೊತ್ತಾಗುವುದಿಲ್ಲ. 5 ವೋಲ್ಟಿನಲ್ಲಿ ಒಂದು ವೋಲ್ಟ್ ಹೋದರೆ ಐದರಲ್ಲಿ ಒಂದು ಪಾಲೇ ಹೋಯಿತು.

ಲೆಕ್ಕ ಹಾಕಿ ನೋಡೋಣ. ಯುಎಸ್‌ಬಿ ವಯರಿನ ಮೈಮೇಲೆ ಸಣ್ಣ ಅಕ್ಷರದಲ್ಲಿ 28 ಎಡಬ್ಲ್ಯುಜಿ, 24 ಎಡಬ್ಲ್ಯುಜಿ ಅಂತ ಬರೆದಿರುತ್ತದೆ. ಅದು ಒಳಗಿನ ತಾಮ್ರದ ಎಳೆ ಎಷ್ಟು ದಪ್ಪ ಅನ್ನುವ ಗುರುತು. ಸಂಖ್ಯೆ ದೊಡ್ಡದಾದಷ್ಟೂ ಎಳೆ ತೆಳು. 28ರ ಎಳೆಗೆ ಮೀಟರಿಗೆ ಸುಮಾರು 0.21 ಓಮ್ ತಡೆ ಇರುತ್ತದೆ, 24ರ ಎಳೆಗೆ 0.08. ಕರೆಂಟು ಹೋಗಿ ವಾಪಸ್ ಬರಬೇಕಾದ್ದರಿಂದ 5 ಮೀಟರ್ ವಯರ್ ಅಂದರೆ 10 ಮೀಟರ್ ತಾಮ್ರ. 28ರ ಎಳೆಯಾದರೆ 2.1 ಓಮ್ ಆಯಿತು. ನಮ್ಮ ಕ್ಯಾಮೆರಾ ಓಡುವಾಗ ಸುಮಾರು 0.4 ಆಂಪಿಯರ್ ಎಳೆಯುತ್ತದೆ. ಗುಣಿಸಿದರೆ 0.84 ವೋಲ್ಟ್ ದಾರಿಯಲ್ಲೇ ಖರ್ಚು. ಲ್ಯಾಪ್‌ಟಾಪ್ ಕೊಡುವುದು 5, ಕ್ಯಾಮೆರಾ ಮುಟ್ಟುವುದು 4.2ರ ಹತ್ತಿರ. ಅದೇ ದೂರಕ್ಕೆ 24ರ ಎಳೆ ಇದ್ದಿದ್ದರೆ ನಷ್ಟ 0.3 ವೋಲ್ಟ್ ಅಷ್ಟೇ. ಯುಎಸ್‌ಬಿ 2ರ ನಿಯಮದಲ್ಲಿ ಪೂರ್ತಿ ಕರೆಂಟು ಕೊಡುವ ಪೋರ್ಟಿನ ಬಾಯಲ್ಲಿ 4.75 ವೋಲ್ಟಿಗಿಂತ ಕಡಿಮೆ ಆಗಬಾರದು. 4.2ರಲ್ಲಿ ಕ್ಯಾಮೆರಾ ಉಸಿರು ಹಿಡಿದುಕೊಂಡು ಕೆಲಸ ಮಾಡುತ್ತಿರುತ್ತದೆ. ಇನ್ನೊಂದು ಚೂರು ಕರೆಂಟು ಬೇಕಾದ ಕ್ಷಣಕ್ಕೆ ಬಿದ್ದುಹೋಗುತ್ತದೆ.

ಲೆಕ್ಕ ಸರಿಯೋ ತಪ್ಪೋ ನೋಡಲು ಒಂದು ಸಣ್ಣ ಯುಎಸ್‌ಬಿ ಮೀಟರ್ ಸಿಗುತ್ತದೆ. ಹೆಬ್ಬೆರಳಷ್ಟು ಉದ್ದ, ಬೆಲೆ ಕೆಲವು ನೂರು ರೂಪಾಯಿ. ಪೋರ್ಟಿಗೂ ವಯರಿಗೂ ನಡುವೆ ಸಿಕ್ಕಿಸಿದರೆ ವೋಲ್ಟು, ಆಂಪಿಯರು ಎರಡೂ ತೋರಿಸುತ್ತದೆ. ಮೊಬೈಲ್ ರಿಪೇರಿ ಮಾಡುವ ಹುಡುಗನ ಹತ್ತಿರ ಒಂದು ಇತ್ತು, ಒಂದು ದಿನದ ಮಟ್ಟಿಗೆ ತಂದೆವು. ಲ್ಯಾಪ್‌ಟಾಪಿನ ಬಾಯಲ್ಲಿ ಹಾಕಿದಾಗ 5.06. ಎಕ್ಸ್‌ಟೆನ್ಷನ್ ಮುಗಿದ ಕಡೆ ಹಾಕಿದಾಗ 4.55. ಅಲ್ಲಿಂದ ಮುಂದೆ ಇನ್ನೂ ಎರಡು ಮೀಟರ್ ವಯರ್ ಇದೆ. ಚಿಕ್ಕಪ್ಪ ಮೀಟರ್ ನೋಡಿ ಏನೂ ಹೇಳಲಿಲ್ಲ, ಎಲೆ ಅಡಿಕೆ ಬಾಯಿಗೆ ಹಾಕಿಕೊಂಡರು.

ಇಂಥ ಅಗ್ಗದ ಮೀಟರುಗಳಲ್ಲಿ ಬಹಳಷ್ಟು ಯುಎಸ್‌ಬಿ 2ರವು, ಅವನ್ನು ನಡುವೆ ಹಾಕಿದರೆ ಕ್ಯಾಮೆರಾ ನಿಧಾನದ ದಾರಿಗೆ ಇಳಿಯುತ್ತದೆ. ಅಳೆಯಲು ಅಷ್ಟು ಸಾಕು, ಅಳೆದ ಮೇಲೆ ತೆಗೆದಿಡಿ.

ಈ ನಿಧಾನದ ದಾರಿ, ವೇಗದ ದಾರಿ ಅಂದರೇನು ಅನ್ನುವುದನ್ನೂ ಹೇಳಬೇಕು, ಯಾಕೆಂದರೆ ಮುಂದಿನ ಗುಟ್ಟು ಅಲ್ಲೇ ಇರುವುದು. ಹಳೆಯ ಯುಎಸ್‌ಬಿ 2 ವಯರಿನಲ್ಲಿ ನಾಲ್ಕು ಎಳೆ: ಕೆಂಪು ಮತ್ತು ಕಪ್ಪು ಕರೆಂಟಿಗೆ, ಬಿಳಿ ಮತ್ತು ಹಸಿರು ಮಾತುಕತೆಗೆ. ಬಾಯಲ್ಲಿ ಸಾಮಾನ್ಯವಾಗಿ ನೀಲಿ ಪ್ಲಾಸ್ಟಿಕ್ ಇರುವ ಯುಎಸ್‌ಬಿ 3ರಲ್ಲಿ ಈ ನಾಲ್ಕರ ಜೊತೆ ಇನ್ನೂ ಐದು ಸೇರುತ್ತವೆ, ವೇಗದ ದಾರಿ ಅವು. ಸೆಕೆಂಡಿಗೆ 480 ಮೆಗಾಬಿಟ್ ಇದ್ದದ್ದು 5 ಗಿಗಾಬಿಟ್ ಆಗುತ್ತದೆ. ಪೋರ್ಟು ಕೊಡಬೇಕಾದ ಕರೆಂಟೂ 500 ಮಿಲಿಆಂಪಿಯರಿನಿಂದ 900ಕ್ಕೆ ಏರುತ್ತದೆ. ಆ ಐದು ಸಣ್ಣ ಎಳೆಗಳಲ್ಲಿ ಒಂದು ಸರಿಯಾಗಿ ತಾಕದಿದ್ದರೆ ಕ್ಯಾಮೆರಾ ಒಂದೋ ನಿಧಾನದ ದಾರಿಗೆ ಇಳಿಯುತ್ತದೆ, ಇಲ್ಲವೇ ಎರಡರ ನಡುವೆ ಒದ್ದಾಡಿ ಬಿಟ್ಟುಹೋಗುತ್ತದೆ. ಉದ್ದದಲ್ಲೂ ವ್ಯತ್ಯಾಸ ಇದೆ. ಯುಎಸ್‌ಬಿ 2ಕ್ಕೆ 5 ಮೀಟರ್ ತನಕ ನಡೆಯುತ್ತದೆ, ಯುಎಸ್‌ಬಿ 3ಕ್ಕೆ ಮೂರು ಮೀಟರ್ ದಾಟಿದರೆ ನಂಬಿಕೆ ಇಲ್ಲ.

ನಮ್ಮ ಕ್ಯಾಮೆರಾದ ಹಿಂದೆ ಇರುವುದು ಚೌಕದ ಬಾಯಿ, ತಲೆಯ ಮೇಲೆ ಇನ್ನೊಂದು ಸಣ್ಣ ಗೂಡು ಇಟ್ಟ ಹಾಗಿನದು. ಟೈಪ್ ಬಿ ಅನ್ನುತ್ತಾರೆ. ಅದರ ಕೆಳಗಿನ ಚೌಕಕ್ಕೆ ಪ್ರಿಂಟರ್ ವಯರ್ ಸರಿಯಾಗಿ ಕೂರುತ್ತದೆ! ಹೌದು, ಜೆರಾಕ್ಸ್ ಅಂಗಡಿಯಲ್ಲಿ ಪ್ರಿಂಟರಿಗೂ ಕಂಪ್ಯೂಟರಿಗೂ ಹಾಕಿರುತ್ತಾರಲ್ಲ, ಅದೇ ವಯರು. ಅದರಲ್ಲಿ ಇರುವುದು ನಾಲ್ಕೇ ಎಳೆ, ಹಾಗಾಗಿ ಕ್ಯಾಮೆರಾ ಯುಎಸ್‌ಬಿ 2 ವೇಗದಲ್ಲಿ ಓಡುತ್ತದೆ. ಕ್ಯಾಮೆರಾ ಕೆಟ್ಟಿದೆಯೋ ವಯರ್ ಕೆಟ್ಟಿದೆಯೋ ಅಂತ ತಿಳಿಯಲು ಇದಕ್ಕಿಂತ ಅಗ್ಗದ ಪರೀಕ್ಷೆ ನಮಗೆ ಗೊತ್ತಿಲ್ಲ.

ಐದನೇ ದಿನ ಸಂಜೆ ಜೆರಾಕ್ಸ್ ಅಂಗಡಿಯ ಅಕ್ಕನನ್ನು ಕೇಳಿ ಒಂದೂವರೆ ಮೀಟರಿನ ಪ್ರಿಂಟರ್ ವಯರ್ ತಂದೆವು. "ಬೆಳಿಗ್ಗೆ ಒಂಬತ್ತಕ್ಕೆ ಬೇಕು ಕಣ್ರೋ, ಪಹಣಿ ಪ್ರಿಂಟಿಗೆ ಜನ ಬರ್ತಾರೆ" ಅಂತ ಹೇಳಿಯೇ ಕೊಟ್ಟರು. ಲ್ಯಾಪ್‌ಟಾಪನ್ನು ಜಗಲಿಯಿಂದ ಎತ್ತಿ ಸ್ಟ್ಯಾಂಡಿನ ಬುಡಕ್ಕೆ ತಂದಿಟ್ಟು, ಇಬ್ಬನಿ ಬೀಳದ ಹಾಗೆ ರಟ್ಟಿನ ಡಬ್ಬ ಮುಚ್ಚಿ, ನೇರ ಹಾಕಿದೆವು. ಹಬ್ ಇಲ್ಲ, ಎಕ್ಸ್‌ಟೆನ್ಷನ್ ಇಲ್ಲ. ಎಂಟಕ್ಕೆ ಶುರುವಾದ ಕ್ಯಾಮೆರಾ ಹನ್ನೊಂದರ ತನಕ ಒಮ್ಮೆಯೂ "ಟುಂಡುಂ" ಅನ್ನಲಿಲ್ಲ. ಟಗರಿನವನು ಆ ರಾತ್ರಿ ಊಟಕ್ಕೆ ಎರಡು ಮುದ್ದೆ ಹಾಕಿಸಿಕೊಂಡ.

ಚಿತ್ರ ನಿಧಾನ ಆಗಲಿಲ್ಲವೇ ಎಂದರೆ, ಏನು ತೆಗೆಯುತ್ತೀರಿ ಅನ್ನುವುದರ ಮೇಲಿದೆ. ನಮ್ಮ ಕ್ಯಾಮೆರಾದ ಒಂದು ಚಿತ್ರ 1936ಕ್ಕೆ 1096 ಚುಕ್ಕಿ, 16 ಬಿಟ್‌ನಲ್ಲಿ ಸುಮಾರು 4 ಮೆಗಾಬೈಟು. ಯುಎಸ್‌ಬಿ 2ರಲ್ಲಿ ಅದು ಸೆಕೆಂಡಿನ ಹತ್ತನೇ ಒಂದು ಪಾಲಿನಲ್ಲಿ ಬಂದುಬಿಡುತ್ತದೆ. ಮಹಾವ್ಯಾಧನ ನೀಹಾರಿಕೆಗೆ ಒಂದೊಂದು ಚಿತ್ರಕ್ಕೂ ಹತ್ತಾರು ಸೆಕೆಂಡ್ ಬೆಳಕು ಹಿಡಿಯುವಾಗ ಈ ಹತ್ತನೇ ಒಂದು ಪಾಲು ಯಾವ ಲೆಕ್ಕ? ಗ್ರಹಗಳ ವಿಷಯ ಬೇರೆ. ಅಲ್ಲಿ ಸೆಕೆಂಡಿಗೆ ನೂರು ಚಿತ್ರ ತೆಗೆದು ಗಾಳಿ ಅಲುಗಿಸದ ಒಳ್ಳೆಯವನ್ನು ಆರಿಸಿಕೊಳ್ಳುತ್ತಾರೆ. ಅದಕ್ಕೆ ವೇಗದ ದಾರಿ ಬೇಕೇ ಬೇಕು.

ಹಾಗಾಗಿ ಮರುದಿನ ರಾತ್ರಿ ಕ್ಯಾಮೆರಾದ ಜೊತೆ ಬಂದ ಎರಡು ಮೀಟರ್ ನೀಲಿ ವಯರನ್ನೇ ಎಕ್ಸ್‌ಟೆನ್ಷನ್ ಇಲ್ಲದೆ ನೇರ ಹಾಕಿ ನೋಡಿದೆವು. ಒಂದು ಗಂಟೆ ಓಡಿತು. ದೂರದರ್ಶಕವನ್ನು ಗುರುವಿನಿಂದ ಕೃತ್ತಿಕೆಯ ಕಡೆ ತಿರುಗಿಸಿದ ತಕ್ಷಣ ಹೋಯಿತು. ವಾಪಸ್ ತಂದರೆ ಬಂತು. ನಮ್ಮಲ್ಲೊಬ್ಬಳು ಕ್ಯಾಮೆರಾದ ಹಿಂದಿನ ಪ್ಲಗ್ಗನ್ನು ಎರಡು ಬೆರಳಲ್ಲಿ ಹಿಡಿದು ಮೆಲ್ಲಗೆ ಮೇಲೆ ಕೆಳಗೆ ಅಲುಗಿಸಿದಳು. ಕೆಳಕ್ಕೆ ಜಗ್ಗಿದಾಗಲೆಲ್ಲ "ಟುಂಡುಂ". ಕ್ಯಾಮೆರಾ ಕಡೆಯ ತೂತು ಸಡಿಲವೋ ಪ್ಲಗ್ ಸಡಿಲವೋ ಅನ್ನುವ ಪ್ರಶ್ನೆಗೆ ಉತ್ತರ ಹಿಂದಿನ ರಾತ್ರಿಯೇ ಅರ್ಧ ಸಿಕ್ಕಿತ್ತು, ಪ್ರಿಂಟರ್ ವಯರ್ ಎಷ್ಟು ಅಲುಗಿದರೂ ಬಿಟ್ಟಿರಲಿಲ್ಲ. ಉಳಿದ ಅರ್ಧಕ್ಕೆ ಹೊಸದೊಂದು ಒಂದು ಮೀಟರಿನ ಯುಎಸ್‌ಬಿ 3 ವಯರ್ ತರಿಸಿದೆವು, ಕರೆಂಟಿನ ಎಳೆ 24 ಅಂತ ಬರೆದಿದ್ದನ್ನು ನೋಡಿ. ಅಲುಗಿಸಿದೆವು, ತಿರುಗಿಸಿದೆವು, ಬಿಡಲಿಲ್ಲ.

ಒಂದೇ ಸಲಕ್ಕೆ ಒಂದೇ ವಸ್ತು ಬದಲಾಯಿಸಬೇಕು ಅನ್ನುವುದು ಇದಕ್ಕೇ. ವಯರ್, ಹಬ್, ಪೋರ್ಟ್ ಮೂರನ್ನೂ ಒಟ್ಟಿಗೆ ಬದಲಾಯಿಸಿ ಸರಿಹೋದರೆ ಯಾವುದು ಕೆಟ್ಟಿತ್ತು ಅಂತ ಗೊತ್ತಾಗುವುದಿಲ್ಲ, ಕೆಟ್ಟದ್ದು ಮತ್ತೆ ಚೀಲದೊಳಗೇ ಸೇರಿಕೊಳ್ಳುತ್ತದೆ. ನಮ್ಮಲ್ಲಿ ಎರಡು ವಯರ್ ಎರಡು ರೀತಿ ಕೆಟ್ಟಿದ್ದವು, ತೋರಿಸುತ್ತಿದ್ದ ಲಕ್ಷಣ ಮಾತ್ರ ಒಂದೇ.

ಎಂಟನೇ ದಿನ ಇನ್ನೊಂದು ತಲೆನೋವು. ಲ್ಯಾಪ್‌ಟಾಪಿಗೆ ಇರುವುದು ಎರಡೇ ಯುಎಸ್‌ಬಿ ತೂತು. ಕ್ಯಾಮೆರಾ, ದೂರದರ್ಶಕ ತಿರುಗಿಸುವ ಮೋಟರು, ಚಿತ್ರ ತುಂಬಿಸುವ ಹಾರ್ಡ್ ಡಿಸ್ಕ್, ಮೂರು ಸಾಮಾನು. ಹಬ್ ಬೇಕೇ ಬೇಕು. ಸ್ವಂತ ಕರೆಂಟಿಲ್ಲದ ಹಬ್ ಇಂಥ ಕೆಲಸಕ್ಕೆ ಬೇಡ. ಲ್ಯಾಪ್‌ಟಾಪಿನ ಒಂದು ತೂತಿನಿಂದ ಬರುವ ಕರೆಂಟನ್ನೇ ಅದು ಎಲ್ಲರಿಗೂ ಹಂಚುತ್ತದೆ, ಒಂದು ಇಂಚಿನ ಪೈಪಿಗೆ ನಾಲ್ಕು ಜೆಟ್ ಕೂರಿಸಿದ ಹಾಗೆ. ನಮ್ಮದು ಅಡಾಪ್ಟರ್ ಇರುವ ಹಬ್. ಎಲ್ಲ ಸರಿಯಾಗಿ ಓಡುತ್ತಿತ್ತು. ರಾತ್ರಿ ಹತ್ತು ಗಂಟೆಗೆ ಕ್ಯಾಮೆರಾ, ಮೋಟರು, ಡಿಸ್ಕು ಮೂರೂ ಒಟ್ಟಿಗೆ ಬಿಟ್ಟವು. ಮೂರೂ ಒಟ್ಟಿಗೆ ಹೋಯಿತೆಂದರೆ ಕ್ಯಾಮೆರಾ ಮೇಲೆ ಸಂಶಯ ಪಡುವಂತಿಲ್ಲ.

ಹೊರಗೆ ಅಕ್ಕಪಕ್ಕದ ತೋಟಗಳಲ್ಲಿ ಮೋಟರುಗಳು ಒಂದೊಂದೇ ಶುರುವಾಗುತ್ತಿದ್ದವು. ತ್ರೀ ಫೇಸ್ ಬಂದಿತ್ತು. ತೋಟದ ಮನೆಯ ಲೈನೂ ಪಂಪಿನ ಲೈನೂ ಒಂದೇ ಇರುವ ಕಡೆ, ಸಿಂಗಲ್ ಫೇಸಿನಿಂದ ತ್ರೀ ಫೇಸಿಗೆ ಬದಲಾಗುವಾಗ ಕರೆಂಟು ಒಮ್ಮೆ ಕಣ್ಣು ಮಿಟುಕಿಸುತ್ತದೆ. ಬಲ್ಬಿನಲ್ಲಿ ನೋಡಿದರೆ ಅರೆಗಳಿಗೆ. ಲ್ಯಾಪ್‌ಟಾಪಿನೊಳಗೆ ಬ್ಯಾಟರಿ ಇದೆ, ಅದಕ್ಕೆ ಗೊತ್ತೇ ಆಗುವುದಿಲ್ಲ. ಹಬ್ಬಿಗೆ ಬ್ಯಾಟರಿ ಇಲ್ಲ. ಅಡಾಪ್ಟರ್ ಸತ್ತು ಹುಟ್ಟುವಷ್ಟರಲ್ಲಿ ಅದಕ್ಕೆ ತಗುಲಿಸಿದ್ದೆಲ್ಲ ಸತ್ತು ಹುಟ್ಟುತ್ತದೆ. ಪೇಟೆಯಲ್ಲಿ ಕೂತು ಬರೆದ ಯಾವ ಸಲಹೆಯಲ್ಲೂ ಈ ಹತ್ತು ಗಂಟೆಯ ಕಾಯಿಲೆ ನಾವು ಓದಿಲ್ಲ.

ಮದ್ದು ಕೊಟ್ಟಿಗೆಯಲ್ಲೇ ನೇತಾಡುತ್ತಿತ್ತು. ಔಷಧಿ ಹೊಡೆಯುವ ಬ್ಯಾಟರಿ ಪಂಪು! ಅದರ ಹೊಟ್ಟೆಯಲ್ಲಿರುವುದು 12 ವೋಲ್ಟ್, 8 ಆಂಪಿಯರ್ ಅವರ್ ಬ್ಯಾಟರಿ. ನಮ್ಮ ಹಬ್ಬಿನ ಅಡಾಪ್ಟರ್ ಮೇಲೂ 12 ವೋಲ್ಟ್ ಅಂತಲೇ ಬರೆದಿತ್ತು. ಹಬ್ಬೂ ಕ್ಯಾಮೆರಾವೂ ಸೇರಿ ಐದಾರು ವ್ಯಾಟ್ ತಿಂದರೂ, ಬ್ಯಾಟರಿಯ ಅರ್ಧ ಖರ್ಚಾಗುವಷ್ಟರಲ್ಲಿ ಎಂಟು ಗಂಟೆ ಕಳೆಯುತ್ತದೆ. ಚಿಕ್ಕಪ್ಪ ಒಂದು ಫ್ಯೂಸ್ ಹಾಕಿ ವಯರ್ ಕಟ್ಟಿಕೊಟ್ಟರು. ಇದನ್ನು ಓದಿ ನೀವೂ ಮಾಡುವುದಾದರೆ ಒಂದು ಮಾತು: ಎಲ್ಲ ಹಬ್ಬೂ 12 ವೋಲ್ಟಿನವಲ್ಲ. ಎಷ್ಟೋ ಹಬ್ಬುಗಳ ಅಡಾಪ್ಟರ್ 5 ವೋಲ್ಟಿನದು, ಅದಕ್ಕೆ 12 ಕೊಟ್ಟರೆ ಹಬ್ಬೂ ಹೋಗುತ್ತದೆ, ಅದರ ಹಿಂದೆ ಕ್ಯಾಮೆರಾವೂ ಹೋಗಬಹುದು. ತುಂಬಿದ ಬ್ಯಾಟರಿ 13ರ ಹತ್ತಿರ ತೋರಿಸುತ್ತದೆ, ಅಷ್ಟನ್ನು ಹಬ್ ತಡೆದುಕೊಳ್ಳುತ್ತದೆಯೇ ಅಂತ ಚೀಟಿ ಓದಿ. ಪ್ಲಸ್ ಮೈನಸ್ ತಿರುಗುಮುರುಗು ಆಗಬಾರದು. ಮತ್ತೆ, ಔಷಧಿ ಪಂಪಿನ ಬ್ಯಾಟರಿ ಮುಟ್ಟಿದ ಕೈ ತೊಳೆದುಕೊಂಡು ಊಟಕ್ಕೆ ಕೂರಿ.

ತಂಪು ಮಾಡುವ ಫ್ಯಾನ್ ಇರುವ ದುಬಾರಿ ಕ್ಯಾಮೆರಾಗಳಿಗಂತೂ ಪ್ರತ್ಯೇಕ 12 ವೋಲ್ಟ್ ಬೇಕು. ಅವುಗಳಲ್ಲಿ ಸೆನ್ಸರನ್ನು ತಣ್ಣಗಿಡುವ ಭಾಗ ಯುಎಸ್‌ಬಿ ಕರೆಂಟಿನಿಂದ ಓಡುವುದಿಲ್ಲ. ಆ 12 ವೋಲ್ಟಿನ ಪಿನ್ ಸಡಿಲವಿದ್ದರೆ ಕ್ಯಾಮೆರಾ ಚಿತ್ರ ಕೊಡುತ್ತಲೇ ಇರುತ್ತದೆ, ತಂಪು ಮಾತ್ರ ಆಗುವುದಿಲ್ಲ. ಲ್ಯಾಪ್‌ಟಾಪ್ ಬದಲು ರಾಸ್ಪ್‌ಬೆರಿ ಪೈ ಅನ್ನುವ ಅಂಗೈ ಅಗಲದ ಕಂಪ್ಯೂಟರ್ ಬಳಸುವ ಹುಡುಗರೂ ಇದ್ದಾರೆ. ಪೈ 4ರ ನಾಲ್ಕೂ ಯುಎಸ್‌ಬಿ ತೂತು ಸೇರಿ ಕೊಡುವುದು 1.2 ಆಂಪಿಯರ್. ಪೈ 5ಕ್ಕೆ 5 ಆಂಪಿಯರಿನ ಸರಿಯಾದ ಅಡಾಪ್ಟರ್ ಹಾಕದಿದ್ದರೆ ಅದು ಎಲ್ಲ ತೂತಿಗೂ ಸೇರಿಸಿ 0.6ಕ್ಕೇ ಕೈ ಬಿಗಿಹಿಡಿಯುತ್ತದೆ. ಮನೆಯಲ್ಲಿದ್ದ ಫೋನ್ ಚಾರ್ಜರ್ ಹಾಕಿ ಕ್ಯಾಮೆರಾ ಬರುತ್ತಿಲ್ಲ ಅಂದರೆ ಮೊದಲು ನೋಡಬೇಕಾದ್ದು ಇದು. ವೋಲ್ಟೇಜ್ ಕಡಿಮೆಯಾದರೆ ಪರದೆಯ ಮೂಲೆಯಲ್ಲಿ ಮಿಂಚಿನ ಗುರುತು ಕಾಣಿಸಬಹುದು, ಅಲಂಕಾರಕ್ಕಲ್ಲ ಅದು.

ಸೆಟ್ಟಿಂಗಿನ ವಿಷಯ ಬೇಗ ಹೇಳಿ ಮುಗಿಸುತ್ತೇವೆ. ವಿಂಡೋಸಿನ ಪವರ್ ಆಪ್ಷನ್ ಒಳಗೆ ಯುಎಸ್‌ಬಿ ಸೆಲೆಕ್ಟಿವ್ ಸಸ್ಪೆಂಡ್ ಅಂತ ಒಂದಿದೆ, ಕೆಲಸವಿಲ್ಲದ ಪೋರ್ಟನ್ನು ಮಲಗಿಸುವ ಜಿಪುಣತನ. ಅದನ್ನು ಆಫ್ ಮಾಡಿ. ಡಿವೈಸ್ ಮ್ಯಾನೇಜರಿನಲ್ಲಿ ಯುಎಸ್‌ಬಿ ಹಬ್ಬಿನ ಪವರ್ ಮ್ಯಾನೇಜ್‌ಮೆಂಟ್ ಪುಟದಲ್ಲೂ ಇಂಥದ್ದೇ ಒಂದು ಟಿಕ್ ಇರುತ್ತದೆ, ತೆಗೆಯಿರಿ. ಚಿತ್ರ ತೆಗೆಯುವ ಸಾಫ್ಟ್‌ವೇರಿನಲ್ಲಿ ಯುಎಸ್‌ಬಿ ಟ್ರಾಫಿಕ್, ಟರ್ಬೋ ಯುಎಸ್‌ಬಿ, ಬ್ಯಾಂಡ್‌ವಿಡ್ತ್ ಹೀಗೆ ಯಾವುದಾದರೊಂದು ಹೆಸರಿನ ಒಂದು ಗೆರೆ ಇರುತ್ತದೆ. ಚಿತ್ರ ಹರಿದ ಹಾಗೆ ಬಂದರೆ, ನಡುನಡುವೆ ಚಿತ್ರ ತಪ್ಪಿಹೋದರೆ ಅದರ ವೇಗವನ್ನು ಇಳಿಸಿ ನೋಡಿ. ಆದರೆ ವಯರ್ ನೋಡದೆ ಸೆಟ್ಟಿಂಗಿಗೆ ಕೈ ಹಾಕಬೇಡಿ. ವೋಲ್ಟೇಜ್ ಇಲ್ಲದ ಮೋಟರಿಗೆ ಯಾವ ಸ್ಟಾರ್ಟರ್ ಹಾಕಿದರೂ ಅಷ್ಟೇ.

ಲ್ಯಾಪ್‌ಟಾಪ್ ಚಾರ್ಜಿಗೆ ಹಾಕಿ ದೂರದರ್ಶಕದ ಲೋಹ ಮುಟ್ಟಿದರೆ ಕೈ ಜುಂ ಅನ್ನುವ ಅನುಭವ ಕೆಲವರಿಗೆ ಆಗಿರಬಹುದು. ಅರ್ಥ್ ಇಲ್ಲದ ಎರಡು ಪಿನ್ನಿನ ಅಡಾಪ್ಟರಿನಿಂದ ಸೋರುವ ಸಣ್ಣ ಕರೆಂಟು ಅದು, ಯುಎಸ್‌ಬಿ ವಯರಿನ ಮೈಯಿಂದಲೇ ಕ್ಯಾಮೆರಾಕ್ಕೂ ಹೋಗುತ್ತದೆ. ಇಬ್ಬನಿಯಲ್ಲಿ ಬರಿಗಾಲಲ್ಲಿ ನಿಂತರೆ ಇನ್ನೂ ಜಾಸ್ತಿ ಗೊತ್ತಾಗುತ್ತದೆ. ನಾವು ಹಗಲು ಚಾರ್ಜ್ ಮಾಡಿ ರಾತ್ರಿ ಬ್ಯಾಟರಿ ಮೇಲೇ ಓಡಿಸುತ್ತೇವೆ.

ಹತ್ತನೇ ದಿನ ಬೆಂಗಳೂರಿಗೆ ಫೋನ್ ಮಾಡಿ, "ಸರ್, ಕ್ಯಾಮೆರಾ ಇಟ್ಕೋತೀವಿ, ವಯರ್ ಎರಡೂ ಸರಿ ಇರಲಿಲ್ಲ" ಅಂದೆವು. ಅವರು ಸ್ವಲ್ಪ ಹೊತ್ತು ಸುಮ್ಮನಿದ್ದು, "ಅಯ್ಯೋ, ಅದಕ್ಕೇ ಇರಬೇಕು ನಂಗೂ ಆಗಾಗ ಬಿಡ್ತಿತ್ತು. ಕ್ಯಾಮೆರಾನೇ ವೀಕು ಅನ್ಕೊಂಡಿದ್ದೆ" ಅಂದರು. ವಯರಿನ ದುಡ್ಡು ವಾಪಸ್ ಕಳಿಸಿದರು.

25ನೇ ತಾರೀಕು ಶಾಲೆಯ ಅಂಗಳದಲ್ಲಿ ಬಿಳಿ ಪಂಚೆ ಕಟ್ಟಿ ಪ್ರೊಜೆಕ್ಟರ್ ಬಿಟ್ಟೆವು. ಏಳೂವರೆಯಿಂದ ಹತ್ತರ ತನಕ ಒಮ್ಮೆಯೂ ಬಿಡಲಿಲ್ಲ. ಮಕ್ಕಳ ಜೊತೆ ಬಂದ ಅಜ್ಜಿಯೊಬ್ಬರು, "ರೋಹಿಣಿ ಮಳೆ ಅಂತೀವಲ್ಲ, ಆ ರೋಹಿಣಿನಾ ಇದು? ಮಳೇಲಿ ಯಾಕೆ ಕಾಣಲ್ಲ?" ಅಂತ ಕೇಳಿದರು. ಒಳ್ಳೆಯ ಪ್ರಶ್ನೆ. ಸೂರ್ಯ ಮೇ ಕೊನೆಯ ವಾರ ರೋಹಿಣಿ ನಕ್ಷತ್ರಕ್ಕೆ ಬಂದಾಗ ಬೀಳುವುದು ರೋಹಿಣಿ ಮಳೆ. ಸೂರ್ಯನ ಜೊತೆಯೇ ಹುಟ್ಟಿ ಜೊತೆಯೇ ಮುಳುಗುವುದರಿಂದ ಆಗ ಆ ನಕ್ಷತ್ರ ರಾತ್ರಿ ಕಾಣುವುದಿಲ್ಲ. ಜನವರಿಯ ಸಂಜೆ ಅದು ನೆತ್ತಿಯ ಹತ್ತಿರ ಇರುತ್ತದೆ, ಮಳೆ ಇರುವುದಿಲ್ಲ. ಅಜ್ಜಿ ಪರದೆ ಬಿಟ್ಟು ಆಕಾಶವನ್ನೇ ಬಹಳ ಹೊತ್ತು ನೋಡಿದರು.

ಹಾಗಾದರೆ ಕ್ಯಾಮೆರಾ ಕೆಡುವುದೇ ಇಲ್ಲವೇ? ಕೆಡುತ್ತದೆ. ಗಿಡ್ಡ ವಯರು, ಇನ್ನೊಂದು ಸಾಮಾನಿನಲ್ಲಿ ಸರಿ ಇದೆ ಅಂತ ಗೊತ್ತಿರುವಂಥದ್ದು, ಹಬ್ ಇಲ್ಲದೆ ನೇರ ಪೋರ್ಟಿಗೆ, ಅದೂ ಎರಡು ಬೇರೆ ಬೇರೆ ಕಂಪ್ಯೂಟರಿಗೆ ಹಾಕಿ, ಸೆಟ್ಟಿಂಗ್ ಎಲ್ಲ ಮೊದಲಿದ್ದ ಹಾಗೇ ಬಿಟ್ಟು ನೋಡಿದಾಗಲೂ ಬಿಟ್ಟುಹೋಗುತ್ತಿದ್ದರೆ, ಆಗ ಕ್ಯಾಮೆರಾದ್ದೇ ತೊಂದರೆ. ಬಹಳ ಸಲ ಒಳಗಿನ ಯುಎಸ್‌ಬಿ ತೂತಿನ ಬೆಸುಗೆ ಬಿರುಕು ಬಿಟ್ಟಿರುತ್ತದೆ, ವಯರ್ ನೇತಾಡಿ ನೇತಾಡಿ. ಅದಕ್ಕೇ ವಯರನ್ನು ಕ್ಯಾಮೆರಾದಿಂದ ಒಂದು ಗೇಣು ಬಿಟ್ಟು ದೂರದರ್ಶಕದ ಮೈಗೆ ದಾರದಿಂದ ಕಟ್ಟಿ. ಜಗ್ಗಿದರೆ ದಾರ ಜಗ್ಗಬೇಕು, ಪ್ಲಗ್ ಅಲ್ಲ. ದೂರದರ್ಶಕವನ್ನು ಒಮ್ಮೆ ಪೂರ್ತಿ ಈ ಕಡೆ ಆ ಕಡೆ ತಿರುಗಿಸಿ ವಯರ್ ಎಲ್ಲೂ ಬಿಗಿಯಾಗುವುದಿಲ್ಲ ಅಂತ ಬೆಳಕಿರುವಾಗಲೇ ನೋಡಿಕೊಳ್ಳಿ. ಚಳಿಗೆ ವಯರಿನ ಪ್ಲಾಸ್ಟಿಕ್ ಗಡುಸಾಗುತ್ತದೆ, ಸಂಜೆ ಸಡಿಲ ಇದ್ದದ್ದು ಬೆಳಗಿನ ಜಾವಕ್ಕೆ ಎಳೆಯುತ್ತದೆ.

ಫೋನ್ ಚಾರ್ಜಿನ ಅಗ್ಗದ ವಯರುಗಳಲ್ಲಿ ಕೆಲವದರೊಳಗೆ ಮಾತುಕತೆಯ ಎಳೆಗಳೇ ಇರುವುದಿಲ್ಲ, ಕರೆಂಟಿನ ಎರಡು ಎಳೆ ಅಷ್ಟೇ. ಕ್ಯಾಮೆರಾದ ಬಾಯಿ ಟೈಪ್ ಸಿ ಇರುವವರು ಇದನ್ನು ನೆನಪಿಡಿ, ದೀಪ ಹತ್ತಿದರೂ ಕಂಪ್ಯೂಟರಿಗೆ ಕ್ಯಾಮೆರಾ ಕಾಣುವುದಿಲ್ಲ.

ಸಡಿಲ ಪ್ಲಗ್ಗಿನ ನೀಲಿ ವಯರನ್ನು, ಯಾರೂ ಮರೆತು ಬಳಸದಂತೆ, ಎರಡು ತುಂಡು ಮಾಡಿ ಹಾಕಿದೆವು. ಮೂರು ಮೀಟರಿನ ತೆಳು ಎಕ್ಸ್‌ಟೆನ್ಷನ್ ಇನ್ನೂ ಇದೆ. ಮೌಸಿಗೆ ಅದು ಸಾಕು.